ಗಾಳಿ ಬಿಟ್ಟು ಇನ್ನೇನೂ ಹೋಗದ ಮೂಗು

ನಮ್ಮ ಭಾವ ಮೊದಲ ಸಲ ಮನೆಗೆ ಬಂದಾಗ ಹೊಸ್ತಿಲಲ್ಲೇ ನಿಂತುಬಿಟ್ಟರು. ಒಳಗೆ ಬನ್ನಿ ಎಂದು ಅಪ್ಪ ಎಷ್ಟು ಕರೆದರೂ ಕಾಲು ಎತ್ತಲಿಲ್ಲ. ಅಕ್ಕನನ್ನು ಮದುವೆಯಾಗಲಿರುವವರು, ನಾಚಿಕೆ ಇರಬೇಕು ಎಂದುಕೊಂಡೆವು. ಅವರು ತಲೆಯನ್ನು ಸ್ವಲ್ಪ ಮೇಲೆತ್ತಿ, "ಅಡುಗೆಮನೇಲಿ ಗ್ಯಾಸ್ ಸೋರ್ತಾ ಇದೆ. ಬೆಂಕಿ ಗಿಂಕಿ ಹಚ್ಚಬೇಡಿ" ಎಂದರು. ಮನೆತುಂಬ ನಾವಿಷ್ಟು ಜನ ಇದ್ದೆವು, ಒಬ್ಬರ ಮೂಗಿಗೂ ಏನೂ ಬಡಿದಿರಲಿಲ್ಲ. ಅಪ್ಪ ಪೈಪಿಗೆ ಸೋಪಿನ ನೊರೆ ಸವರಿ ನೋಡಿದರೆ ಒಂದು ಕಡೆ ಸಣ್ಣಗೆ ಗುಳ್ಳೆ ಏಳುತ್ತಿತ್ತು. "ಹುಡುಗನಿಗೆ ಬೇರೇನಿದೆಯೋ ಇಲ್ಲವೋ, ಮೂಗಂತೂ ಇದೆ" ಎಂದು ಅಪ್ಪ ಅಲ್ಲಿಯೇ ಒಪ್ಪಿಬಿಟ್ಟರು.

ಅಂದಿನಿಂದ ನಮ್ಮ ಮನೆಯಲ್ಲಿ ಅವರು ಮೂಗುಭಾವ. ಎದುರಿಗೇ ಹಾಗೆ ಕರೆಯುವವಳು ನಾನೊಬ್ಬಳೇ. ಕಂಡವರ ವಿಷಯಕ್ಕೆ ಮೂಗು ತೂರಿಸುವವರನ್ನು ಎಲ್ಲರೂ ಬೈಯುತ್ತಾರೆ, ಅದಕ್ಕೆ ಸಂಬಳ ಎಣಿಸುವುದು ನಿಮ್ಮ ಕಾರ್ಖಾನೆ ಒಂದೇ ಎಂದು ನಾನು ರೇಗಿಸಿದರೆ ಅವರು ನಕ್ಕು ಸುಮ್ಮನಾಗುತ್ತಿದ್ದರು. ಈಗ ರೇಗಿಸುವುದನ್ನು ಬಿಟ್ಟಿದ್ದೇನೆ. ಆ ಮೂಗು ಇಂದಿಗೂ ಹಾಗೆಯೇ ಇದೆ, ಕೂದಲೆಳೆಯಷ್ಟೂ ಕೆಟ್ಟಿಲ್ಲ. ಭಾವನ ಸಂಕಟವೇ ಅದು. ತಮ್ಮ ಮೂಗನ್ನು ಕಾಪಾಡಿಕೊಳ್ಳಲು ಹೋಗಿ, ಅದಕ್ಕೆ ವಿದ್ಯೆ ಕಲಿಸಿದ ಮೂಗನ್ನು ಕಳೆದರು.

ಸೋಪಿನ ಕಾರ್ಖಾನೆಯಲ್ಲಿ ಭಾವನ ಕೆಲಸ ಮೂಸುವುದು. ಪರಿಮಳದ ಎಣ್ಣೆ ಪೀಪಾಯಿಗಳಲ್ಲಿ ಬಂದಿಳಿದಾಗ ಮೊದಲು ಅವರ ಕೋಣೆಗೆ ಒಂದು ಸಣ್ಣ ಸೀಸೆ ಹೋಗುತ್ತದೆ. ಕಾಗದದ ಪಟ್ಟಿಯೊಂದನ್ನು ಅದರಲ್ಲಿ ಅದ್ದಿ, ಸ್ವಲ್ಪ ಆರಲು ಬಿಟ್ಟು, ಮೂಗಿನ ಕೆಳಗೆ ಹಿಡಿದು ಕಣ್ಣು ಮುಚ್ಚುತ್ತಾರೆ. ಅವರು ತಲೆಯಾಡಿಸಿದರೆ ಪೀಪಾಯಿ ಒಳಗೆ, ಇಲ್ಲವಾದರೆ ಬಂದ ಲಾರಿಯಲ್ಲೇ ವಾಪಸ್ಸು. ಆ ಕೋಣೆಯಲ್ಲಿ ಬಿಳಿ ಗೋಡೆ, ಒಂದು ಮೇಜು, ಎರಡು ಕುರ್ಚಿ ಬಿಟ್ಟರೆ ಏನೂ ಇಲ್ಲ. ಕ್ಯಾಲೆಂಡರ್ ಕೂಡ ತೂಗುಹಾಕಿಲ್ಲ, ಅದರ ಶಾಯಿಗೂ ವಾಸನೆ ಇದೆಯಂತೆ. ನಾನೊಮ್ಮೆ ಕೈಗೆ ಸ್ಯಾನಿಟೈಸರ್ ಹಚ್ಚಿಕೊಂಡು ಒಳಗೆ ಕಾಲಿಟ್ಟಿದ್ದೆ. ನಾದಿನಿ ಎಂಬ ಒಂದೇ ಕಾರಣಕ್ಕೆ ಕತ್ತು ಹಿಡಿದು ನೂಕಲಿಲ್ಲ.

ಆ ಕೋಣೆ ಮೊದಲು ದೊಡ್ಡಮ್ಮನದಾಗಿತ್ತು. ದೊಡ್ಡಮ್ಮ ಎಂದರೆ ಭಾವನ ತಾಯಿಯ ಅಕ್ಕ. ತಾಯಿ ಬೇಗ ತೀರಿಕೊಂಡದ್ದರಿಂದ ಭಾವನನ್ನು ಸಾಕಿದವರು ಅವರೇ. ಸೋಪು ಸುತ್ತುವ ಕೆಲಸಕ್ಕೆ ಸೇರಿ, ಮೂಗು ಚುರುಕಾಗಿದೆ ಎಂದು ಮೂಸುವ ಕೋಣೆಗೆ ಬಂದು, ಅಲ್ಲಿಯೇ ತಲೆ ಬೆಳ್ಳಗೆ ಮಾಡಿಕೊಂಡವರು. ಮನೆಯಲ್ಲಿ ಆಟ ಎಂದರೂ ಅದೇ. ಮಗುವಿನ ಕಣ್ಣಿಗೆ ಬಟ್ಟೆ ಕಟ್ಟಿ, ಮೂಗಿನ ಮುಂದೆ ಲವಂಗ ಹಿಡಿಯುವುದು, ನಿಂಬೆ ಸಿಪ್ಪೆ ಹಿಡಿಯುವುದು, ನೆನೆದ ಮರದ ಚೂರು ಹಿಡಿಯುವುದು. ತಪ್ಪು ಹೇಳಿದರೆ ಬೈಗುಳ ಇಲ್ಲ, ಆದರೆ ಗೊತ್ತಿಲ್ಲದ್ದನ್ನು ಗೊತ್ತು ಎಂದರೆ ಕಿವಿ ಹಿಂಡುತ್ತಿದ್ದರು. "ಬಾಯಿ ಸುಳ್ಳು ಹೇಳಬಹುದು, ಕಣ್ಣು ಸುಳ್ಳು ಹೇಳಬಹುದು. ಮೂಸೋರು ಮೂಗಿನ ವಿಷಯದಲ್ಲಿ ಸುಳ್ಳು ಹೇಳಬಾರದು" ಎಂಬುದು ಅವರ ಪಾಠ.

ಇನ್ನೂ ಎರಡು ಪಾಠಗಳಿದ್ದವು. ವಾಸನೆಗಳನ್ನು ಮೂಸಿ ಮೂಸಿ ಮೂಗು ಮಂಕಾದಾಗ ಅಂಗಿಯ ತೋಳು ಮೇಲೆ ಸರಿಸಿ, ತನ್ನದೇ ಮೊಣಕೈಯ ಒಳಮಡಿಕೆಯನ್ನು ಮೂಸಬೇಕು. ತನ್ನ ಮೈಯ ವಾಸನೆ ತನಗೆ ಅತಿ ಪರಿಚಯದ್ದು, ಅದನ್ನು ಮೂಸಿದರೆ ಮೂಗು ಮತ್ತೆ ಹದಕ್ಕೆ ಬರುತ್ತದೆ. ದೊಡ್ಡಮ್ಮ ಅದನ್ನು 'ಮನೆಗೆ ಹೋಗಿ ಬರೋದು' ಎನ್ನುತ್ತಿದ್ದರು. ಭಾವ ಊಟದ ನಡುವೆ ಕೂಡ ಮೊಣಕೈಗೆ ಮೂಗು ತಾಗಿಸುವುದನ್ನು ಕಂಡು ಮದುವೆಯಾದ ಹೊಸದರಲ್ಲಿ ಅಕ್ಕ ಗಾಬರಿಯಾಗಿದ್ದಳು. ನನ್ನನ್ನು ಗುಟ್ಟಾಗಿ ಕರೆದು, "ಇದು ಏನಾದ್ರೂ ಕಾಯಿಲೆನಾ?" ಎಂದು ಕೇಳಿದ್ದಳು.

ಮತ್ತೊಂದು ಪಾಠ, ಮೂಗಿಗೆ ಗಾಳಿ ಬಿಟ್ಟು ಇನ್ನೇನೂ ಹೋಗಬಾರದು. ನಶ್ಯ ಇಲ್ಲ, ಮುಲಾಮು ಇಲ್ಲ, ನೆಗಡಿಯಾದರೆ ಬರೀ ಬಿಸಿನೀರಿನ ಹಬೆ, ಅದಕ್ಕೊಂದು ಎಲೆಯನ್ನೂ ಹಾಕುವಂತಿಲ್ಲ. ಮೂಗು ಕಟ್ಟಿದರೆ ಹಾಕುವ ಹನಿಗಳನ್ನು ದೊಡ್ಡಮ್ಮ ವಿಷವೆಂದೇ ತಿಳಿದಿದ್ದರು. ಅವರ ಜೊತೆ ಕೆಲಸ ಮಾಡುತ್ತಿದ್ದ ಒಬ್ಬರು ಯಾವುದೋ ಹನಿ ಹಾಕಿಕೊಂಡು ಹಾಕಿಕೊಂಡು ಮೂಗು ಕೆಡಿಸಿಕೊಂಡು, ಕೊನೆಗೆ ಗೋದಾಮಿನ ಬಾಗಿಲು ಕಾಯುವ ಕೆಲಸಕ್ಕೆ ಹೋದರಂತೆ. ಆ ಕತೆಯನ್ನು ಬೇರೆ ಮಕ್ಕಳು ಗುಮ್ಮನ ಕತೆ ಕೇಳುವ ಹಾಗೆ ಕೇಳುತ್ತಾ ಭಾವ ಬೆಳೆದರು. ಈ ಪಾಠದ ಮೇಲೆ ನನಗೆ ಈಗಲೂ ಸಿಟ್ಟು ಬರುತ್ತದೆ. ಆದರೆ ಅದನ್ನು ಹೇಳಿಕೊಟ್ಟ ಮುದುಕಿಯ ಮೇಲೆ ಸಿಟ್ಟು ಮಾಡಲು ಆಗುವುದಿಲ್ಲ.

ನಾನು ವಾರ್ಡಿನ ಆರೋಗ್ಯ ಕೇಂದ್ರದಲ್ಲಿ ಲಸಿಕೆ ಹಾಕುವ ನರ್ಸು. ಬೀದಿಯಲ್ಲಿ ನನ್ನನ್ನು ಕಂಡರೆ ಮಕ್ಕಳು ತಾಯಿಯ ಹಿಂದೆ ಅವಿತುಕೊಳ್ಳುತ್ತವೆ. ಆ ವರ್ಷ ಜ್ವರವೊಂದು ಎಲ್ಲ ಕಡೆ ಹಬ್ಬಿತು. ಗಟ್ಟಿಮುಟ್ಟಾದವರಿಗೆ ಬಂದರೆ ಕೆಮ್ಮಿ, ಸೀನಿ, ಮಲಗಿ ಎದ್ದರೆ ಮುಗಿಯಿತು. ವಯಸ್ಸಾದವರನ್ನು ಮಾತ್ರ ಹಿಡಿದರೆ ಬಿಡುತ್ತಿರಲಿಲ್ಲ. ಕೆಲವರಿಗೆ ವಾಸನೆ ಹೋಗುತ್ತಿತ್ತು, ಕೆಲವರಿಗೆ ಅದು ಮರಳಿ ಬರುತ್ತಲೂ ಇರಲಿಲ್ಲ. ನಮ್ಮ ಕೇಂದ್ರಕ್ಕೆ ಎರಡು ಬಗೆಯ ಲಸಿಕೆ ಬಂತು. ಒಂದು ಎಂದಿನಂತೆ ತೋಳಿಗೆ ಚುಚ್ಚುವುದು. ಇನ್ನೊಂದು ಹೊಸದು, ಮೂಗಿನ ಹೊಳ್ಳೆಗಳಿಗೆ ಸಿಂಪಡಿಸುವುದು.

ಎರಡಕ್ಕೂ ಏನು ವ್ಯತ್ಯಾಸ ಎಂದು ದಿನವಿಡೀ ಹೇಳಿ ಹೇಳಿ ನನ್ನ ನಾಲಿಗೆ ಬಿದ್ದುಹೋಗಿತ್ತು. ಮೂಗಿನಿಂದ ಹಿಡಿದು ಗಂಟಲು, ಶ್ವಾಸನಾಳ, ಕೆಳಗೆ ಕರುಳಿನವರೆಗೂ ನಮ್ಮೊಳಗೆ ಒದ್ದೆಯಾದ ಒಂದು ಪೊರೆ ಹಾಸಿಕೊಂಡಿದೆ. ಲೋಳೆಪೊರೆ. ಸಿಂಬಳ ಎಂದರೆ ಎಲ್ಲರೂ ಮುಖ ಸಿಂಡರಿಸುತ್ತಾರೆ, ಆದರೆ ಆ ಲೋಳೆಯಲ್ಲಿ ರೋಗಾಣುಗಳನ್ನು ಹಿಡಿದು ನಿಲ್ಲಿಸುವ ಕಾವಲು ಇದೆ. ತೋಳಿಗೆ ಚುಚ್ಚಿದ ಲಸಿಕೆ ಮುಖ್ಯವಾಗಿ ರಕ್ತದಲ್ಲಿ ಕಾವಲು ಹುಟ್ಟಿಸುತ್ತದೆ. ಅದು ಶ್ವಾಸಕೋಶವನ್ನು ಉಳಿಸುತ್ತದೆ, ಪ್ರಾಣ ಉಳಿಸುತ್ತದೆ, ಸಣ್ಣ ಮಾತಲ್ಲ. ಆದರೆ ಆ ಕಾವಲು ಮೂಗಿನ ಒದ್ದೆ ಪೊರೆಯ ಮೇಲಕ್ಕೆ ಅಷ್ಟಾಗಿ ಬರುವುದಿಲ್ಲ. ಬಾಗಿಲು ಕಾಯುವವರು ಬೇರೆ, ಒಳಮನೆ ಕಾಯುವವರು ಬೇರೆ. ಮೂಗಿನಲ್ಲೇ ಕಾವಲು ಹುಟ್ಟಬೇಕಾದರೆ ಲಸಿಕೆ ಮೂಗಿನ ಮೂಲಕವೇ ಹೋದರೆ ಒಳ್ಳೆಯದು ಎಂಬುದು ಇದರ ಹಿಂದಿನ ಲೆಕ್ಕ. ಹಾಗಿಲ್ಲದಿದ್ದರೆ ಸೂಜಿ ಹಾಕಿಸಿಕೊಂಡವರು ತಾವು ಆರಾಮಾಗಿ ಓಡಾಡಿಕೊಂಡಿದ್ದು, ಮೂಗಿನಲ್ಲಿ ಕೂತ ರೋಗಾಣುವನ್ನು ಇನ್ನೊಬ್ಬರಿಗೆ ದಾಟಿಸಿಬಿಡಬಹುದು.

ದೊಡ್ಡಮ್ಮನಿಗೆ ಕೀಲುಗಳ ಕಾಯಿಲೆ. ಅದಕ್ಕೆ ತೆಗೆದುಕೊಳ್ಳುವ ಮಾತ್ರೆ ಮೈಯ ರೋಗ ತಡೆಯುವ ಶಕ್ತಿಯನ್ನೇ ತಗ್ಗಿಸುತ್ತಿತ್ತು. ಲಸಿಕೆ ಹಾಕಿದೆವು, ಆದರೆ ಅದು ಅವರ ಮೈಗೆ ಹತ್ತುವುದು ಅನುಮಾನ ಎಂದು ಡಾಕ್ಟರು ಮೊದಲೇ ಹೇಳಿದ್ದರು. "ಇವರ ಸುತ್ತ ಇರೋರು ಮೂಗಿನ ಲಸಿಕೆ ತಗೊಳ್ಳಿ. ರೋಗ ಇವರ ತನಕ ಬರದ ಹಾಗೆ ನೋಡ್ಕೊಳ್ಳೋದೇ ಇವರಿಗೆ ಮದ್ದು" ಎಂದರು. ದೊಡ್ಡಮ್ಮ ಇದ್ದದ್ದು ಭಾವನ ಮನೆಯ ಕೆಳಗಿನ ಕೋಣೆಗಳಲ್ಲಿ, ಮಂಡಿ ನೋವಿನಿಂದ ಮೆಟ್ಟಿಲು ಹತ್ತಲಾಗುತ್ತಿರಲಿಲ್ಲ. ಮೇಲೆ ಅಕ್ಕ ಮತ್ತು ಭಾವ. ಅಕ್ಕ ಮಾರನೆಯ ದಿನವೇ ಬಂದು ಮೂಗಿಗೆ ಹಾಕಿಸಿಕೊಂಡು, ಒಂದು ಸೀನು ಸೀನಿ ಎದ್ದುಹೋದಳು. ಭಾವ ಕಾರ್ಖಾನೆ ಬಿಟ್ಟ ಮೇಲೆ ಬಂದರು. ಕುರ್ಚಿಯಲ್ಲಿ ಕೂತರು. ನಾನು ಸಿಂಪಡಿಸುವ ಸಾಧನವನ್ನು ಕೈಗೆತ್ತಿಕೊಂಡದ್ದೇ ತಡ, ಅಂಗೈಯಿಂದ ಮೂಗು ಮುಚ್ಚಿಕೊಂಡರು.

"ಅದು ಬೇಡ. ಸೂಜಿ ಹಾಕು."

"ಮಕ್ಕಳು ಸೂಜಿ ಬೇಡ ಅಂತ ಅಳ್ತಾವೆ. ನೀವು ಸೂಜಿ ಬೇಕು ಅಂತ ಹಟ ಹಿಡಿದು ಕೂತ್ಕೊಂಡ್ರೆ ಹೇಗೆ ಭಾವ?"

"ಮೂಗಿಗೆ ಏನೂ ಹಾಕಲ್ಲ ನಾನು. ನಿನಗೆ ಗೊತ್ತಿರೋದೇ."

"ಒಂದೊಂದು ಹೊಳ್ಳೆಗೆ ಒಂದೊಂದು ಸಲ, ಪುಸ್ ಅಂತ. ಕಣ್ಣು ಮುಚ್ಚಿ ತೆಗೆಯೋದರೊಳಗೆ ಮುಗಿದಿರುತ್ತೆ."

"ಒಂದು ಹನಿ ಕೆಟ್ಟ ಎಣ್ಣೆ ಕೊಪ್ಪರಿಗೆ ಸೋಪನ್ನೇ ಕೆಡಿಸುತ್ತೆ."

"ಇದು ಎಣ್ಣೆಯಲ್ಲ, ನಿಮ್ಮ ಮೂಗು ಸೋಪೂ ಅಲ್ಲ. ಇಷ್ಟು ಜನಕ್ಕೆ ಹಾಕಿದೀನಿ, ವಾಸನೆ ಹೋಯ್ತು ಅಂತ ಒಬ್ಬರೂ ಬಂದಿಲ್ಲ."

"ಅವರ್ಯಾರೂ ನನ್ನ ಹಾಗೆ ಮೂಸೋರಲ್ಲ," ಎಂದರು ಭಾವ. "ಅವರಿಗೆ ಒಂದು ಗುಲಗಂಜಿಯಷ್ಟು ಕಮ್ಮಿಯಾದ್ರೆ ಗೊತ್ತೂ ಆಗಲ್ಲ. ನನಗೆ ಅಷ್ಟೇ ಸಾಕು, ಮನೆಗೆ ಕಳಿಸ್ತಾರೆ. ಮೂಗು ಬಿಟ್ರೆ ನನಗೆ ಇನ್ಯಾವ ಕೆಲಸ ಬರುತ್ತೆ, ಹೇಳು."

"ಇದು ನಿಮಗಲ್ಲ ಭಾವ. ದೊಡ್ಡಮ್ಮನಿಗೆ."

ಅವರ ಅಂಗೈ ಒಂದಿಷ್ಟು ಕೆಳಗಿಳಿಯಿತು. ಮುಖದಲ್ಲಿ ಎರಡು ಮನಸ್ಸು ಕಾಣಿಸಿತು. ಒಪ್ಪಿದರು ಎಂದೇ ನಾನು ತಿಳಿದೆ. ಆಮೇಲೆ ಅವರು ತಲೆ ತಗ್ಗಿಸಿ ಅಂಗಿಯ ತೋಳು ಮಡಿಸತೊಡಗಿದರು. "ದೊಡ್ಡಮ್ಮನ ಹತ್ರ ಹೋಗುವಾಗ ಹುಷಾರಾಗಿರ್ತೀನಿ. ಸ್ವಲ್ಪ ಅನುಮಾನ ಬಂದ್ರೂ ಕೆಳಗೆ ಇಳಿಯೋದೇ ಇಲ್ಲ" ಎಂದರು. ಯಾವುದು ಬೇಕೆಂದು ಆರಿಸುವ ಹಕ್ಕು ಅವರದು. ಸೂಜಿಯನ್ನೇ ಹಾಕಿದೆ.

ಆ ದಿನ ಸಂಜೆಯೇ ದೊಡ್ಡಮ್ಮನ ಮುಂದೆ ಕಿಟಕಿಯಾಚೆ ನಿಂತು ದೂರು ಹೇಳಿದೆ. ಅವರು ಬೈಯುತ್ತಾರೆ, ಅವರ ಮಾತನ್ನು ಭಾವ ಮೀರುವುದಿಲ್ಲ ಎಂಬ ಆಸೆ ನನಗೆ. ದೊಡ್ಡಮ್ಮನ ಮುಖ ಹಿಗ್ಗಿ ಹೀರೇಕಾಯಿಯಾಯಿತು. "ನೋಡಿದ್ಯಾ, ಎಷ್ಟು ವರ್ಷ ಆದ್ರೂ ಮರೆತಿಲ್ಲ. ನಾನು ಹೇಳಿಕೊಟ್ಟಿದ್ದು ಅವನಿಗೆ ಹಾಗೇ ಇದೆ" ಎಂದರು. ಜಾಣ ಶಿಷ್ಯನ ಬಗ್ಗೆ ಹೇಳುವ ಹಾಗೆ ಹೇಳಿದರು. ನಾನು ಹಣೆ ಚಚ್ಚಿಕೊಂಡು ಬಂದೆ.

ಭಾವ ಹುಷಾರಾಗಿಯೇ ಇದ್ದರು, ಅದನ್ನು ಇಲ್ಲವೆನ್ನಲಾರೆ. ತಿಂಗಳುಗಟ್ಟಲೆ ದೊಡ್ಡಮ್ಮನನ್ನು ಮೆಟ್ಟಿಲಿನ ಮೇಲಿನಿಂದಲೇ ಮಾತನಾಡಿಸಿದರು. ಊಟ ಕೊಡಲು ಅಕ್ಕ ಇಳಿಯುತ್ತಿದ್ದಳು. ಆದರೆ ಅನುಮಾನ ಬಂದಿದೆಯೋ ಇಲ್ಲವೋ ಎಂದು ತಿಳಿಯಲು ಭಾವ ಕಂಡುಕೊಂಡ ಉಪಾಯ ಅವರಂಥವರಿಗೆ ಮಾತ್ರ ಹೊಳೆಯುವಂಥದ್ದು. ಈ ಜ್ವರ ಬಂದರೆ ವಾಸನೆ ಹೋಗುತ್ತದೆ ಎಂದು ಎಲ್ಲರ ಬಾಯಲ್ಲೂ ಇತ್ತಲ್ಲ. ಅವರು ದಿನಾ ಬೆಳಿಗ್ಗೆ ಎದ್ದೊಡನೆ ತಮ್ಮ ಸೀಸೆಗಳ ಮುಂದೆ ಕೂತು, ಅತಿ ತೆಳುವಾದ ವಾಸನೆಯಿಂದ ಹಿಡಿದು ಒಂದೊಂದನ್ನೇ ಮೂಸುತ್ತಿದ್ದರು. ಎಲ್ಲವೂ ತಿಳಿದರೆ ಜ್ವರ ಇಲ್ಲ. ಮೂಗು ಸರಿಯಿದ್ದರೆ ತಾವು ಸರಿ. ಜೀವನಪೂರ್ತಿ ಮೂಗನ್ನೇ ನಂಬಿದವರು ಇದನ್ನೂ ಅದಕ್ಕೇ ಒಪ್ಪಿಸಿದರು. ಜ್ವರ ಬಂದ ಎಲ್ಲರಿಗೂ ವಾಸನೆ ಹೋಗುವುದಿಲ್ಲ ಎಂದು ನನ್ನನ್ನು ಕೇಳಿದ್ದರೆ ಹೇಳುತ್ತಿದ್ದೆ. ಮೂಗಿನ ವಿಷಯದಲ್ಲಿ ಅವರು ಯಾರನ್ನೂ ಕೇಳುವವರಲ್ಲ. ಕೇಳಿದರೆ ದೊಡ್ಡಮ್ಮನನ್ನು.

ಅಷ್ಟರಲ್ಲಿ ಕಾರ್ಖಾನೆಗೆ ಹೊಸ ಗುಲಾಬಿ ಎಣ್ಣೆ ಬಂತು. ಅದರ ಅಡಿಯಲ್ಲಿ ಏನೋ ಒಂದು ಸಣ್ಣ ಕಟು ಇದೆ, ಅದು ಎಣ್ಣೆಯದೋ ಪೀಪಾಯಿಯದೋ ಎಂದು ಭಾವನಿಗೆ ಬಗೆಹರಿಯಲಿಲ್ಲ. ಮೇಲಿನವರು ಅವಸರ ಮಾಡುತ್ತಿದ್ದರು. ದೊಡ್ಡಮ್ಮನಿಗೆ ಒಮ್ಮೆ ತೋರಿಸಬೇಕು ಎಂದು ಸೀಸೆಯನ್ನು ಮನೆಗೆ ತಂದರು. ಶುಕ್ರವಾರ ಭಾವ ಒಂದೆರಡು ಸಲ ಸೀನಿದ್ದರು. ಭಾನುವಾರ ಕೆಳಗೆ ಇಳಿಯಲು ಹೊರಟಾಗ ಅಕ್ಕ ಅಡ್ಡ ನಿಂತು, "ಮೊನ್ನೆ ಸೀನ್ತಿದ್ರಲ್ಲ?" ಎಂದಳು.

"ಸೋಪಿನ ಪುಡಿ ಕಣೇ. ಬೆಳಿಗ್ಗೆ ಎಲ್ಲಾ ಸೀಸೆ ನೋಡಿದೀನಿ. ಒಂದೂ ತಪ್ಪಿಲ್ಲ, ಮೂಗು ಚೊಕ್ಕವಾಗಿದೆ."

ಕೆಳಗಿನ ಕೋಣೆಯಲ್ಲಿ ಇಬ್ಬರೂ ಮೇಜಿನ ಎರಡು ಬದಿಗೆ ಕೂತರು. ದೊಡ್ಡಮ್ಮನಿಗೆ ಎಷ್ಟೋ ಕಾಲದ ಮೇಲೆ ಕೆಲಸ ಸಿಕ್ಕಿತ್ತು, ಸೀರೆಯ ಸೆರಗನ್ನು ಬಿಗಿಯಾಗಿ ಸಿಕ್ಕಿಸಿಕೊಂಡು ಕೂತಿದ್ದರಂತೆ. ಬೇರೆ ಬೇರೆ ಪಟ್ಟಿ ಎಣ್ಣೆಯನ್ನು ಒಂದೇ ಸಮನೆ ಹೀರುವುದಿಲ್ಲ, ಆದ್ದರಿಂದ ಇಬ್ಬರು ಮೂಸುವಾಗ ಪಟ್ಟಿ ಒಂದೇ ಇರಬೇಕು ಎಂಬುದು ಆ ಕೋಣೆಯ ಹಳೆಯ ಪದ್ಧತಿ. ಭಾವ ಮೂಸಿ ಕೊಡುವುದು, ದೊಡ್ಡಮ್ಮ ಮೂಸಿ ಕೊಡುವುದು, ಮತ್ತೆ ಭಾವ. ತಲೆಗೆ ತಲೆ ತಾಗುವಷ್ಟು ಬಾಗಿ, ಕಣ್ಣು ಮುಚ್ಚಿ, ಒಬ್ಬರ ಉಸಿರು ಇನ್ನೊಬ್ಬರಿಗೆ ತಾಕುವ ಹಾಗೆ ಕೂತಿದ್ದರು. "ಪೀಪಾಯಿದಲ್ಲ, ಎಣ್ಣೆದೇ. ಹಳೇ ಎಣ್ಣೆ ಬೆರೆಸಿದಾರೆ. ವಾಪಸ್ ಕಳಿಸು" ಎಂದು ದೊಡ್ಡಮ್ಮ ತೀರ್ಪು ಕೊಟ್ಟರು. ಅವರು ಕೊನೆಯ ಸಲ ಮೂಸಿ ಹೇಳಿದ ಮಾತು ಅದು.

ಆ ವಾರ ಮುಗಿಯುವ ಮೊದಲೇ ಅವರಿಗೆ ಜ್ವರ ಏರಿತು. ಭಾವನನ್ನು ಪರೀಕ್ಷೆ ಮಾಡಿಸಿದರೆ ಅವರ ಮೂಗಿನಲ್ಲೂ ರೋಗಾಣು ಇತ್ತು. ಅವರಿಗೆ ಮೈ ಕೂಡ ಬೆಚ್ಚಗಾಗಿರಲಿಲ್ಲ, ಸೂಜಿ ತನ್ನ ಕೆಲಸವನ್ನು ಚೊಕ್ಕವಾಗಿ ಮಾಡಿತ್ತು. ದೊಡ್ಡಮ್ಮ ಆಸ್ಪತ್ರೆಯಲ್ಲಿ ಬಾಯಿಗೆ ನಳಿಗೆ ಹಾಕಿಸಿಕೊಂಡು ಮಲಗಿದ್ದರು. ತಮ್ಮ ಮೂಗಿನ ರೋಗಾಣು ಹೋದ ಮೇಲೆ ಭಾವ ಹೊರಗಿನ ಬೆಂಚಿನ ಮೇಲೆ ಎರಡೂ ಕೈಯಿಂದ ತಲೆ ಹಿಡಿದು ಕೂತಿರುತ್ತಿದ್ದರು. ಫಿನಾಯಿಲು, ಔಷಧಿ, ರೋಗಿಗಳ ಹಾಸಿಗೆ, ಆ ಎಲ್ಲ ವಾಸನೆಯನ್ನೂ ಒಂದೂ ಬಿಡದೆ ಒಳಗೆಳೆದುಕೊಳ್ಳುತ್ತಿದ್ದ ಆ ಮೂಗನ್ನು ಅವರು ಒಮ್ಮೆಯೂ ಮುಚ್ಚಿಕೊಳ್ಳಲಿಲ್ಲ. ನಾನು ಕರವಸ್ತ್ರ ಕೊಟ್ಟರೂ ತೆಗೆದುಕೊಳ್ಳಲಿಲ್ಲ.

ದೊಡ್ಡಮ್ಮ ಬದುಕಿದರು. ನಾವೆಲ್ಲ ನಿಟ್ಟುಸಿರು ಬಿಟ್ಟೆವು. ಮನೆಗೆ ಬಂದ ಮೇಲೆ ಒಂದು ಬೆಳಿಗ್ಗೆ ಅಕ್ಕ ಒಲೆಯ ಮೇಲೆ ಹಾಲಿಟ್ಟು, ನೋಡ್ತಾ ಇರಿ ಎಂದು ಹೇಳಿ ಮೇಲೆ ಹೋಗಿದ್ದಳು. ದೊಡ್ಡಮ್ಮ ಒಲೆಗೆ ಬೆನ್ನು ಮಾಡಿ ಕಿಟಕಿಯ ಬಳಿ ಬಟ್ಟೆ ಮಡಿಸುತ್ತಾ ಕೂತಿದ್ದರು. ಹಾಲಿಗೆ ಕಣ್ಣು ಬೇಕಿಲ್ಲ, ಅವರ ಮೂಗು ಯಾವತ್ತೂ ಅದನ್ನು ನೋಡಿಕೊಳ್ಳುತ್ತಿತ್ತು. ಹಾಲು ಉಕ್ಕಿ, ಸುಟ್ಟು, ತಳ ಹಿಡಿದು, ಮೇಲಿನ ಮನೆಯವರೆಗೂ ಹೊಗೆ ಹೋಯಿತು. ಅಕ್ಕ, ಭಾವ ಓಡಿಬಂದಾಗ ಅವರು ಇನ್ನೂ ಬಟ್ಟೆ ಮಡಿಸುತ್ತಿದ್ದರು. ತಿರುಗಿ ನೋಡಿ, ಕರಿ ಹಿಡಿದ ಪಾತ್ರೆಯನ್ನು ಕಂಡು, ತಕ್ಷಣ ಮೊಣಕೈ ಎತ್ತಿ ಮೂಗಿಗೆ ಹಿಡಿದರು. ಹಿಡಿದೇ ಇದ್ದರು. ಭಾವನಿಗೆ ಆಗಲೇ ಎಲ್ಲವೂ ತಿಳಿಯಿತು.

ಅದಾದ ಮೇಲೆ ಒಂದು ದಿನ ಭಾವ ನಮ್ಮ ಕೇಂದ್ರಕ್ಕೆ ಬಂದರು. ಬಾಗಿಲು ಹಾಕುವ ಹೊತ್ತು, ನಾನು ಐಸ್ ಪೆಟ್ಟಿಗೆ ಒರೆಸುತ್ತಿದ್ದೆ. ಅದೇ ಕುರ್ಚಿಯಲ್ಲಿ ಕೂತರು.

"ಅವತ್ತು ನೀನು ಹೇಳಿದ್ದನ್ನ ಹಾಕಿಸ್ಕೊಂಡಿದ್ರೆ ಇದು ಆಗ್ತಿರಲಿಲ್ಲ ಅಲ್ವಾ?"

ಹೌದು ಎಂದು ಮುಖಕ್ಕೆ ಹೊಡೆದ ಹಾಗೆ ಹೇಳಬೇಕು ಎಂದು ಎಷ್ಟೋ ದಿನದಿಂದ ಕಾದಿದ್ದೆ. ಅವರ ಮುಖ ನೋಡಿದ ಮೇಲೆ ಬಾಯಿ ಬರಲಿಲ್ಲ. ಅಲ್ಲದೆ ಅದು ಪೂರ್ತಿ ನಿಜವೂ ಅಲ್ಲ.

"ಗೊತ್ತಿಲ್ಲ ಭಾವ. ಅದನ್ನ ಹಾಕಿಸ್ಕೊಂಡೋರಿಗೂ ಬಂದಿದೆ. ಬರೋದು ಕಮ್ಮಿ ಆಗಬಹುದಿತ್ತು, ದಾಟೋದು ಕಮ್ಮಿ ಆಗಬಹುದಿತ್ತು. ಆಗಬಹುದಿತ್ತು ಅಂತ ಮಾತ್ರ ಹೇಳಬಲ್ಲೆ."

"ಕಮ್ಮಿ ಆಗ್ತಿತ್ತು ಅಂದಿದ್ರೆ ಬೈಸ್ಕೊಂಡು ಸುಮ್ಮನಾಗಬಹುದಿತ್ತು," ಎಂದರು. "ಏನೂ ಕಮ್ಮಿ ಆಗ್ತಿರಲಿಲ್ಲ ಅಂದಿದ್ರೆ ನಿದ್ದೆ ಮಾಡಬಹುದಿತ್ತು. ಈ ಆಗಬಹುದಿತ್ತು ಅನ್ನೋದನ್ನ ಇಟ್ಕೊಂಡು ನಾನೇನು ಮಾಡ್ಲಿ?"

ಎದ್ದು ಅವರ ಹೆಗಲ ಮೇಲೆ ಕೈಯಿಟ್ಟೆ. ನನ್ನ ಕೈಗೆ ಸ್ಪಿರಿಟ್ಟಿನ ವಾಸನೆ ಇತ್ತು, ಆದರೂ ಅವರು ಹೆಗಲು ಸರಿಸಲಿಲ್ಲ.

ಹೋದ ವಾಸನೆಯನ್ನು ಕರೆತರಲು ಒಂದು ಅಭ್ಯಾಸ ಇದೆ. ದಿನಾ ಬೆಳಿಗ್ಗೆ ಸಂಜೆ ಗುಲಾಬಿ, ನಿಂಬೆ, ಲವಂಗ, ನೀಲಗಿರಿ ಇಂಥವನ್ನು ಒಂದೊಂದಾಗಿ ಮೂಸುತ್ತಾ, ಅದು ಹೇಗಿತ್ತು ಎಂದು ನೆನಪು ಮಾಡಿಕೊಳ್ಳುತ್ತಾ ಹೋಗಬೇಕು. ಕೆಲವರಿಗೆ ಮರಳುತ್ತದೆ. ಭಾವ ಕಾರ್ಖಾನೆಯ ಅತ್ಯುತ್ತಮ ಎಣ್ಣೆಗಳನ್ನು ತಂದರು. ಕಣ್ಣಿಗೆ ಬಟ್ಟೆ ಕಟ್ಟಿ ಆಟ ಆಡಿಸಿದವರ ಮುಂದೆ ಈಗ ಅವರು ಸೀಸೆ ಹಿಡಿದು ಕೂರುತ್ತಿದ್ದರು. ದೊಡ್ಡಮ್ಮ ಮೂಸುವರು, ಕಾಯುವರು, ತಲೆ ಅಲ್ಲಾಡಿಸುವರು. ಗೊತ್ತಿಲ್ಲದ್ದನ್ನು ಗೊತ್ತು ಎಂದು ಒಂದು ದಿನವೂ ಹೇಳಲಿಲ್ಲ. ಕಾಲ ಕಳೆದಂತೆ ಸೀಸೆಗಳನ್ನು ನೋಡಿದರೇ ಅವರಿಗೆ ಆಯಾಸವಾಗತೊಡಗಿತು. "ಸಾಕು ಬಿಡು ಮಗ. ನೀರು ಮೂಸಿಸಿದ ಹಾಗಾಗುತ್ತೆ" ಎಂದರು. ಆಮೇಲೆ ಹೊಸದೊಂದು ಶುರುವಾಯಿತು. ದಿನಕ್ಕೆ ಮೂರು ಮೂರು ಸಲ ಸ್ನಾನ. ಯಾರಾದರೂ ಹತ್ತಿರ ಬಂದರೆ ಕುರ್ಚಿಯನ್ನು ಹಿಂದಕ್ಕೆ ಸರಿಸಿಕೊಳ್ಳುವುದು. ನನ್ನ ಮೈ ವಾಸನೆ ಬರ್ತಿದೆಯಾ ಎಂದು ಅಕ್ಕನನ್ನು ಪದೇ ಪದೇ ಕೇಳುವುದು. ಇಲ್ಲ ಅತ್ತೆ, ಇಲ್ಲ ಅತ್ತೆ ಎಂದು ಹೇಳಿ ಹೇಳಿ ಅಕ್ಕನಿಗೂ ಸಾಕಾಗಿತ್ತು.

ಮುಂದಿನ ವರ್ಷ ಲಸಿಕೆ ಮತ್ತೆ ಬಂತು. ಕೇಂದ್ರ ತೆರೆಯುವ ಮೊದಲೇ ಭಾವ ಬಾಗಿಲಲ್ಲಿ ನಿಂತಿದ್ದರು. ಕೂತು, ತಲೆ ಹಿಂದಕ್ಕೆ ವಾಲಿಸಿ, ಕಣ್ಣು ಮುಚ್ಚಿದರು. ಬಲ ಹೊಳ್ಳೆಗೆ ಒಮ್ಮೆ, ಎಡ ಹೊಳ್ಳೆಗೆ ಒಮ್ಮೆ. ಅವರು ಇನ್ನೂ ಕಣ್ಣು ಮುಚ್ಚಿಕೊಂಡೇ ಇದ್ದರು.

"ಆಯ್ತು, ಏಳಿ ಭಾವ."

"ಇಷ್ಟೇನಾ?"

"ಇಷ್ಟೇ."

ಅವರು ಕಣ್ಣು ತೆರೆದು ನನ್ನ ಕೈಯಲ್ಲಿದ್ದ ಆ ಸಣ್ಣ ಸಾಧನವನ್ನು ನೋಡಿದರು. ಅದನ್ನು ತೆಗೆದುಕೊಂಡು ಬೆರಳುಗಳ ನಡುವೆ ತಿರುಗಿಸಿದರು. ಕೆನ್ನೆ ಒದ್ದೆಯಾಗಿತ್ತು, ಲಸಿಕೆಯ ಹನಿ ಇರಬೇಕು ಎಂದು ಹತ್ತಿ ಕೊಟ್ಟೆ. ಕೆಲಸ ಮುಗಿಸಿ ಸಂಜೆ ನಾನೂ ಅವರ ಜೊತೆ ಮನೆಗೆ ಹೋದೆ. ದಾರಿಯಲ್ಲಿ ಅವರು ಬಡಗಿಯ ಅಂಗಡಿಯ ಹೊಟ್ಟು, ಯಾರದೋ ಮನೆಯ ಒಗ್ಗರಣೆ, ಮೋರಿ, ಎಲ್ಲವನ್ನೂ ಗಟ್ಟಿಯಾಗಿ ಹೆಸರಿಸುತ್ತಾ ನಡೆದರು. ಅವರ ಮೂಗಿಗೆ ಏನೂ ಆಗಿರಲಿಲ್ಲ.

ದೊಡ್ಡಮ್ಮ ಬಾಗಿಲ ಬಳಿ ಕುರ್ಚಿಯಲ್ಲಿ ಕೂತಿದ್ದರು. "ಹಾಕಿಸ್ಕೊಂಡ್ಯಾ?" ಎಂದರು.

"ಹೂಂ ದೊಡ್ಡಮ್ಮ."

"ಮೂಗು ಹೇಗಿದೆ?"

"ಹಾಗೇ ಇದೆ."

"ಹಾಗೇ ಇದೆಯಾ," ಎಂದು ದೊಡ್ಡಮ್ಮ ತಮಗೇ ಹೇಳಿಕೊಂಡರು. "ನಾನೇ ಹೆದರಿಸಿಬಿಟ್ಟಿದ್ದೆ ನಿನ್ನ." ಆಮೇಲೆ ರವಿಕೆಯ ತೋಳನ್ನು ಮೇಲಕ್ಕೆ ಸರಿಸಿ, ಮೊಣಕೈಯನ್ನು ಮುಂದೆ ಚಾಚಿದರು. "ಹಾಗಾದ್ರೆ ಇದನ್ನ ನೋಡಿ ಹೇಳು."

ಭಾವ ಅವರ ಮುಂದೆ ಮಂಡಿಯೂರಿ ಕೂತು, ಮೊಣಕೈಯ ಒಳಮಡಿಕೆಗೆ ಮೂಗು ಹಿಡಿದರು. ಒಂದು ಉಸಿರು ಎಳೆದುಕೊಂಡು ತಲೆಯೆತ್ತಿದರು. "ಚೆನ್ನಾಗಿದೆ ದೊಡ್ಡಮ್ಮ. ಸೋಪಿನ ವಾಸನೆ ಬರ್ತಾ ಇದೆ, ಅಷ್ಟೇ."

"ಯಾವ ಸೋಪು?"

"ನಮ್ಮದೇ. ಗುಲಾಬಿದು."

ದೊಡ್ಡಮ್ಮ ಕೈಯನ್ನು ಹಿಂದಕ್ಕೆಳೆದುಕೊಳ್ಳಲಿಲ್ಲ. "ನಿನ್ನೆಯಿಂದ ನಾನು ಸ್ನಾನ ಮಾಡಿಲ್ಲ ಮಗ. ಮೈಗೆ ಸೋಪು ಸೋಕಿಸಿಲ್ಲ. ಬೇಕೂಂತಲೇ," ಎಂದರು.

ನಾನು ಬ್ಯಾಗನ್ನು ಎದೆಗವಚಿಕೊಂಡು ಅಲ್ಲೇ ನಿಂತಿದ್ದೆ. ಭಾವನ ಕಿವಿ ಕೆಂಪಗಾಯಿತು.

"ಎಲ್ಲರೂ ಚೆನ್ನಾಗಿದೆ ಅಂತಾರೆ. ಸೊಸೆ ಅಂತಾಳೆ, ಪಕ್ಕದ ಮನೆಯೋರು ಅಂತಾರೆ. ನನ್ನ ಮನಸ್ಸು ನೋಯಬಾರದು ಅಂತ ಅಂತಾರೆ. ನೀನು ಹಾಗಲ್ಲ ಅಂದ್ಕೊಂಡಿದ್ದೆ." ಅವರ ಧ್ವನಿ ಏರಲಿಲ್ಲ. "ನನಗೆ ಇನ್ನು ಇರೋದು ನಿನ್ನ ಮೂಗೊಂದೇ. ನೀನೂ ಸುಳ್ಳು ಹೇಳಿದ್ರೆ ನಾನು ಯಾರನ್ನ ಕೇಳ್ಲಿ?"

ಭಾವ ಮತ್ತೆ ಆ ತೋಳನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಈ ಸಲ ಬೇಗ ತಲೆಯೆತ್ತಲಿಲ್ಲ. ಕಣ್ಣು ಮುಚ್ಚಿ, ಆ ಬಿಳಿ ಕೋಣೆಯಲ್ಲಿ ಹೇಳುವ ಹಾಗೆ ಒಂದೊಂದಾಗಿ ಹೇಳಿದರು. "ಬೆವರು. ಮಂಡಿಗೆ ಹಚ್ಚೋ ಎಣ್ಣೆ, ಬೆರಳಿಂದ ಇಲ್ಲಿಗೂ ತಾಗಿದೆ. ಮಾತ್ರೆದು ಕಹಿ. ರವಿಕೆ ಸರಿಯಾಗಿ ಒಣಗಿಲ್ಲ, ಮುಗ್ಗಲು ವಾಸನೆ."

ದೊಡ್ಡಮ್ಮ ಪ್ರತಿಯೊಂದಕ್ಕೂ ತಲೆಯಾಡಿಸಿದರು. ತೀರ್ಪು ಕೇಳುವವರ ಹಾಗಲ್ಲ, ಶಿಷ್ಯನ ಪಾಠ ಒಪ್ಪಿಸಿಕೊಳ್ಳುವವರ ಹಾಗೆ. "ಇನ್ನೇನಾದ್ರೂ ಇದೆಯಾ?"

"ಎಲ್ಲಕ್ಕಿಂತ ಕೆಳಗೆ ನಿನ್ನ ವಾಸನೆ."

"ಅದು ಹೇಗಿದೆ?"

ಒಂದು ಗುಲಾಬಿ ಎಣ್ಣೆಯ ಬಗ್ಗೆ ಅರ್ಧ ಗಂಟೆ ಮಾತನಾಡಬಲ್ಲ ಭಾವನಿಗೆ ಮಾತು ಸಿಗಲಿಲ್ಲ. "ನಾನು ಚಿಕ್ಕವನಿದ್ದಾಗ ಹೇಗಿತ್ತೋ ಹಾಗೇ ಇದೆ," ಎಂದರು ಕೊನೆಗೆ.

"ಇದು ನಿಜ ತಾನೇ?"

"ನಿಜ ದೊಡ್ಡಮ್ಮ."

ಅವರು ತೋಳನ್ನು ಬಿಡಿಸಿಕೊಂಡು, ಭಾವ ಮೂಗು ಹಿಡಿದಿದ್ದ ಜಾಗಕ್ಕೇ ತಮ್ಮ ಮೂಗನ್ನು ಹಿಡಿದರು. ನಾವು ಮೂವರೂ ಕಾದೆವು. ಆಮೇಲೆ ಅವರು ತಲೆ ಅಲ್ಲಾಡಿಸಿ, ರವಿಕೆಯ ತೋಳನ್ನು ಕೆಳಗೆ ಎಳೆದುಕೊಂಡು, "ಸೊಸೆಗೆ ಸ್ನಾನಕ್ಕೆ ಸ್ವಲ್ಪ ನೀರು ಕಾಯಿಸೋಕೆ ಹೇಳು" ಎಂದರು.